ಹಡಗಿನ ಬಡಗಿಯ ಕೊಡಲಿ: ಪೂಜೆಯೋ ಬಳಕೆಯೋ?

ತರ್ಕಶಾಸ್ತ್ರದ ಮೊದಲ ಪಾಠಗಳನ್ನು ಓದಿದವರಿಗೆಲ್ಲ ಕೊಡಲಿಯ ಪರಿಚಯವುಂಟು. ಅವರಲ್ಲಿ ಎಷ್ಟೋ ಮಂದಿ ತಮ್ಮ ಜೀವಮಾನದಲ್ಲಿ ಒಂದು ಸೌದೆಯನ್ನಾದರೂ ಸೀಳಿದವರಲ್ಲ. ಆದರೂ ‘ಕರಣ’ವೆಂದರೇನೆಂದು ಕೇಳಿದ ಕೂಡಲೆ ಅವರ ನಾಲಗೆಗೆ ಬರುವುದು ಕೊಡಲಿಯೇ. ಕಾರ್ಯವೊಂದು ಹುಟ್ಟಬೇಕಾದರೆ ಕಾರಣಗಳು ಹಲವು ಬೇಕು. ಅವುಗಳಲ್ಲಿ ಅಸಾಧಾರಣವಾದುದೂ ತನ್ನದೊಂದು ವ್ಯಾಪಾರವನ್ನು ಉಳ್ಳದ್ದೂ ಯಾವುದೋ ಅದು ಕರಣ. ಮರವನ್ನು ಕಡಿಯುವಲ್ಲಿ ಕೊಡಲಿಯು ಕರಣ. ಅದು ಎದ್ದು ಬಿದ್ದು ಮರವನ್ನು ತಾಕುವ ಸಂಯೋಗವು ಅದರ ವ್ಯಾಪಾರ. ಮರವು ಎರಡಾಗುವುದು ಫಲ. ಹೀಗೆ ನಮ್ಮ ಶಾಸ್ತ್ರಗ್ರಂಥಗಳೊಳಗಿನ ಕೊಡಲಿಯು ನೂರಾರು ವರ್ಷಗಳಿಂದ ಕಡಿಯುತ್ತಲೇ ಇದೆ. ಅದರ ಬಾಯಿ ಮೊಂಡಾದುದಿಲ್ಲ, ಕಾವು ಮುರಿದುದಿಲ್ಲ, ಅದನ್ನು ಸಾಣೆಯ ಕಲ್ಲಿನ ಬಳಿಗೆ ಒಯ್ದವರೂ ಇಲ್ಲ.

ಲೋಕದ ಕೊಡಲಿಯ ಪಾಡು ಬೇರೆ. ಅದು ಮೊಂಡಾಗುತ್ತದೆ, ಮಸೆಯಲ್ಪಡುತ್ತದೆ, ಸವೆಯುತ್ತದೆ, ಕಡೆಗೊಂದು ದಿನ ಮೂಲೆ ಸೇರುತ್ತದೆ. ಮೂಲೆ ಸೇರಿದ ಮೇಲೆ ಅದರ ಗತಿಯೇನು ಎಂಬುದೇ ಈ ಲೇಖನದ ವಿಚಾರ. ಉತ್ತರ ಯೂರೋಪಿನ ಮತ್ತು ಅಮೆರಿಕದ ಕಡಲತೀರಗಳಲ್ಲಿ ಮರದ ಹಡಗುಗಳನ್ನು ಕಟ್ಟುತ್ತಿದ್ದ ಬಡಗಿಗಳ ಹಳೆಯ ಕೊಡಲಿ, ಬಾಚಿ, ಉಳಿಗಳು ಇಂದು ಎರಡು ಬಗೆಯ ಜನರ ಕೈಸೇರಿವೆ. ಒಂದು ಪಕ್ಷದವರು ಅವುಗಳಿಗೆ ಎಣ್ಣೆ ಸವರಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು, ‘ಮುಟ್ಟಬೇಡಿ’ ಎಂದು ಬರೆದು ಕಾಪಾಡುತ್ತಾರೆ. ಮತ್ತೊಂದು ಪಕ್ಷದವರು ತುಕ್ಕನ್ನು ಉಜ್ಜಿ ತೆಗೆದು, ಹೊಸ ಕಾವು ತೊಡಿಸಿ, ಮಸೆದು ಮರದ ಮೇಲೆ ಬೀಸುತ್ತಾರೆ. ಮೊದಲನೆಯವರ ಕಣ್ಣಿಗೆ ಎರಡನೆಯವರು ಪೂರ್ವಿಕರ ಆಸ್ತಿಯನ್ನು ತಿಂದುಹಾಕುವ ಉಡಾಳರು. ಎರಡನೆಯವರ ಕಣ್ಣಿಗೆ ಮೊದಲನೆಯವರು ಜೀವವಿರುವುದನ್ನು ಹೂಳುವವರು. ಕೆಲಸಕ್ಕಾಗಿಯೇ ಹುಟ್ಟಿದ ವಸ್ತುವನ್ನು ಕೆಲಸದಿಂದ ತಪ್ಪಿಸಿ ಕಾಪಾಡುವುದು ಅದಕ್ಕೆ ಸಲ್ಲಿಸುವ ಗೌರವವೋ ಅಪಚಾರವೋ? ಪ್ರಶ್ನೆಯು ದೂರದೇಶದ ಕಬ್ಬಿಣದ ತುಂಡುಗಳನ್ನು ಕುರಿತದ್ದಾಗಿ ತೋರಬಹುದು; ಮುಂದೆ ನೋಡಿದರೆ ಅದು ನಮ್ಮ ಮನೆಯ ಬಾಗಿಲಿಗೇ ಬಂದು ನಿಲ್ಲುವುದು.

ವಿಚಾರಕ್ಕೆ ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯುವುದು ನ್ಯಾಯ. ಹಡಗಿನ ಬಡಗಿಯ ಕೊಡಲಿಯು ಸೌದೆ ಸೀಳುವ ಕೊಡಲಿಯಲ್ಲ. ಅದರ ಅಲಗು ಅಗಲವಾದುದು. ಅನೇಕ ಕೊಡಲಿಗಳಲ್ಲಿ ಅಲಗಿನ ಒಂದು ಮಗ್ಗುಲು ಸಪಾಟಾಗಿದ್ದು, ಮತ್ತೊಂದು ಮಗ್ಗುಲನ್ನು ಮಾತ್ರ ಇಳಿಜಾರಾಗಿ ಮಸೆದಿರುತ್ತದೆ. ಸಪಾಟಾದ ಮಗ್ಗುಲು ದಿಮ್ಮಿಗೆ ಒತ್ತಿಕೊಂಡು ಇಳಿಯುವುದರಿಂದ ದಿಮ್ಮಿಯ ಮೈ ಗೋಡೆಯಂತೆ ಸಮವಾಗಿ ಕೆತ್ತಲ್ಪಡುತ್ತದೆ. ಕೆಲಸಗಾರನ ಬೆರಳಗೆಣ್ಣು ಮರಕ್ಕೆ ತರಚದಿರಲೆಂದು ಕಾವನ್ನು ಹೊರಗಡೆಗೆ ಕೊಂಚ ಬಾಗಿಸಿರುವುದೂ ಉಂಟು.

ಬಾಚಿಯು ನಮ್ಮವರಿಗೂ ಚಿರಪರಿಚಿತವಾದುದು. ನಮ್ಮ ಬಡಗಿಯ ಬಾಚಿಗೆ ಗಿಡ್ಡ ಹಿಡಿ. ಅವನು ಕುಳಿತು ಒಂದೇ ಕೈಯಿಂದ ಕೆತ್ತುತ್ತಾನೆ. ಹಡಗು ಕಟ್ಟುವವನ ಬಾಚಿಗಾದರೋ ಉದ್ದವಾದ ಕಾವು. ಅವನು ನಿಂತುಕೊಂಡು ಎರಡು ಕೈಗಳಿಂದ ತನ್ನ ಪಾದಗಳ ಕಡೆಗೇ ಅದನ್ನು ಬೀಸುತ್ತಾನೆ. ಒಂದು ಅಂಗುಲ ತಪ್ಪಿದರೆ ಪಾದವೇ ಹೋಗಬೇಕು. ಆದರೆ ಪಳಗಿದ ಕೈಯಲ್ಲಿ ಅದು ಕಾಗದದಂಥ ತೆಳುವಾದ ಚಕ್ಕೆಯನ್ನೆಬ್ಬಿಸಿ, ಉಜ್ಜುಗೊರಡು ಆಡಿಸಿದಂಥ ನುಣುಪನ್ನು ಹಿಂದೆ ಬಿಟ್ಟುಹೋಗುತ್ತದೆ. ಈ ಬಾಚಿಯ ಹಿಂಬದಿಯಲ್ಲಿ ಬೆರಳಿನಷ್ಟು ದಪ್ಪದ ಮೊನೆಯೊಂದು ಚಾಚಿಕೊಂಡಿರುವುದುಂಟು. ಕೆತ್ತುವ ದಾರಿಯಲ್ಲಿ ಮೊಳೆಯ ತಲೆ ಎದುರಾದರೆ ಬಡಗಿಯು ಬಾಚಿಯನ್ನು ತಿರುಗಿಸಿ, ಆ ಮೊನೆಯಿಂದ ಮೊಳೆಯನ್ನು ಮರದೊಳಕ್ಕೆ ತಗ್ಗಿಸಿ, ಆಮೇಲೆ ಕೆತ್ತಿಕೊಂಡು ಮುಂದೆ ಹೋಗುವನು. ಹರಿತವನ್ನು ಕಾಯುವುದಕ್ಕೆ ಬೇಕಾದ ಎಚ್ಚರವನ್ನು ಆಯುಧದ ಮೈಯಲ್ಲೇ ಸೇರಿಸಿಟ್ಟ ಈ ಯುಕ್ತಿ ಮೆಚ್ಚತಕ್ಕದ್ದು. ಮೂರನೆಯದು ಒಂದು ದೊಡ್ಡ ಉಳಿ. ಹಿಡಿಯೂ ಸೇರಿ ಎರಡು ಅಡಿಯಷ್ಟೋ ಅದಕ್ಕೂ ಹೆಚ್ಚಾಗಿಯೋ ಉದ್ದವಿರುವ ಇದನ್ನು ಕೊಡತಿಯಿಂದ ಹೊಡೆಯುವುದಿಲ್ಲ. ಎರಡು ಕೈಗಳಿಂದ ಹಿಡಿದು ಭುಜದ ಬಲದಿಂದ ತಳ್ಳಿ, ಮರದ ಮೈಯನ್ನು ಸವರುವರು.

ಇವುಗಳನ್ನು ಕಮ್ಮಾರನು ಮಾಡುತ್ತಿದ್ದ ವಿಧಾನದಲ್ಲಿ ಒಂದು ತತ್ತ್ವ ಅಡಗಿದೆ. ಉಕ್ಕು ದುರ್ಲಭವಾಗಿಯೂ ದುಬಾರಿಯಾಗಿಯೂ ಇದ್ದ ಕಾಲದಲ್ಲಿ ಕೊಡಲಿಯ ಮೈಯೆಲ್ಲವೂ ಮೆತುವಾದ ಕಬ್ಬಿಣ. ಬಾಯಿ ಮಾತ್ರ ಉಕ್ಕು. ಕಾದ ಕಬ್ಬಿಣದ ಪಟ್ಟಿಯನ್ನು ಮಡಿಸಿ, ಮಡಿಕೆಯಲ್ಲಿ ಕಾವು ತೂರುವಷ್ಟು ತೆರಪನ್ನು ಬಿಟ್ಟು, ಎರಡು ತುದಿಗಳ ನಡುವೆ ಉಕ್ಕಿನ ತುಂಡೊಂದನ್ನು ಸೇರಿಸಿ, ಕುಲುಮೆಯಲ್ಲಿ ಬೆಳ್ಳಗೆ ಕಾಯಿಸಿ, ಅಡಿಗಲ್ಲಿನ ಮೇಲೆ ಬಡಿದು ಒಂದಾಗಿಸುತ್ತಿದ್ದರು. ಒಂದೇ ಮಗ್ಗುಲಿನ ಇಳಿಜಾರಿರುವ ಅಗಲಗೊಡಲಿಗೆ ಸಪಾಟು ಮಗ್ಗುಲಿನ ಮೇಲೆಯೇ ಉಕ್ಕನ್ನು ಹೊದಿಸುತ್ತಿದ್ದುದೂ ಉಂಟು. ಕಠಿನವಾದ ಉಕ್ಕು ಕಡಿಯುತ್ತದೆ. ಮೃದುವಾದ ಕಬ್ಬಿಣವು ಪೆಟ್ಟಿನ ಅದಿರನ್ನು ತಾಳಿಕೊಳ್ಳುತ್ತದೆ. ಬರಿಯ ಕಾಠಿನ್ಯವಿದ್ದರೆ ಆಯುಧವು ಸಿಡಿಯುವುದು. ಬರಿಯ ಮಾರ್ದವವಿದ್ದರೆ ಮಡಿಚಿಕೊಳ್ಳುವುದು.

ಉಕ್ಕೆಂಬ ಮಾತು ಬಂದಾಗ ಕನ್ನಡಿಗರಿಗೆ ಒಂದು ಸಣ್ಣ ಸಂತೋಷಕ್ಕೆ ಎಡೆಯುಂಟು. ೧೭೯೫ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವಿದ್ವಾಂಸರು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ‘ವೂಟ್ಸ್’ ಎಂಬ ಹಿಂದೂಸ್ಥಾನದ ಉಕ್ಕನ್ನು ಕುರಿತು ಪ್ರಬಂಧವನ್ನು ಓದಿದರು. ಆ ಹೆಸರು ನಮ್ಮ ‘ಉಕ್ಕು’ ಎಂಬುದರ ಅಪಭ್ರಂಶವೆಂದು ಹಲವು ಪಂಡಿತರ ಅಭಿಪ್ರಾಯ. ೧೮೦೦-೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನವರು ಉಕ್ಕು ಮಾಡುವ ಕ್ರಮವನ್ನು ನೋಡಿ ಬರೆದಿಟ್ಟಿದ್ದಾರೆ. ಆದರೆ ಪಶ್ಚಿಮದ ಹಡಗುಗೊಡಲಿಗಳ ಬಾಯಿಗೆ ಹೋದದ್ದು ಬಹುಮಟ್ಟಿಗೆ ಅವರದೇ ಉಕ್ಕು: ಕಬ್ಬಿಣದ ಪಟ್ಟಿಗಳನ್ನು ಇದ್ದಲಿನ ಪುಡಿಯಲ್ಲಿ ಹೂತು ಬಹುದಿನ ಕಾಯಿಸಿ ಪಡೆದುದು, ೧೭೪೦ರ ದಶಕದಲ್ಲಿ ಷೆಫೀಲ್ಡಿನ ಬೆಂಜಮಿನ್ ಹಂಟ್ಸ್‌ಮನ್ ಹಾದಿ ತೋರಿದ ಮೇಲೆ ಮೂಸೆಯಲ್ಲಿ ಕರಗಿಸಿದ್ದೂ ಸೇರಿತು. ದೇಶ ಬೇರೆಯಾದರೂ ಕಮ್ಮಾರನ ತೊಡಕು ಒಂದೇ, ಹದ ಒಂದೇ.

ಹದವೆಂದಾಗ ನಮ್ಮ ಪಾಠಶಾಲೆಯ ಒಂದು ಪ್ರಸಂಗವು ನೆನಪಿಗೆ ಬರುತ್ತದೆ. ಗುರುಗಳು ಜಗಲಿಯ ಮೇಲೆ ಕರಣಲಕ್ಷಣವನ್ನು ಹೇಳುತ್ತಿದ್ದರು. ಅಂಗಳದಲ್ಲಿ ಮುದಿ ಬಡಗಿಯೊಬ್ಬನು ತೊಲೆಯನ್ನು ಕೆತ್ತುತ್ತಿದ್ದನು. ಕೊಡಲಿ ಕಡಿಯುತ್ತದೆ, ಕೊಡಲಿ ಕಡಿಯುತ್ತದೆ ಎಂದು ನಾವು ಹತ್ತಾರು ಸಲ ಒಪ್ಪಿಸಿದುದನ್ನು ಕೇಳಿ ಕೇಳಿ ಅವನು ತಲೆಯೆತ್ತಿ, ‘ಸ್ವಾಮಿ, ಕೊಡ್ಲಿ ಎಲ್ಲಿ ಕಡೀತದೆ? ಹದ ಕಡೀತದೆ’ ಎಂದನು. ಗುರುಗಳು ನಕ್ಕು, ‘ಎಲ್ಲರೂ ಕೇಳಿಕೊಳ್ಳಿರಪ್ಪಾ, ಟೀಕೆಯಲ್ಲಿ ಇಲ್ಲದ ಮಾತು’ ಎಂದು ಪಾಠವನ್ನು ಮುಂದುವರಿಸಿದರು. ಹದವು ಎರಡೆಡೆಯಲ್ಲಿರುತ್ತದೆ: ಉಕ್ಕಿನಲ್ಲಿ ಒಂದು, ಕೈಯಲ್ಲಿ ಒಂದು. ಉಕ್ಕಿನ ಹದವನ್ನು ಪೆಟ್ಟಿಗೆಯಲ್ಲಿಟ್ಟು ಕಾಪಾಡಬಹುದು. ಕೈಯ ಹದವನ್ನು ಯಾವ ಪೆಟ್ಟಿಗೆಯಲ್ಲಿಡುವುದು?

ಇನ್ನೊಂದು ವಿಶೇಷವನ್ನೂ ಗಮನಿಸತಕ್ಕದ್ದು. ಹರಿತವಾಗಿರುವುದೆಂದರೆ ಕರಗುತ್ತಿರುವುದೆಂದೇ ಅರ್ಥ. ಮಸೆದಾಗಲೆಲ್ಲ ಉಕ್ಕಿನ ಒಂದು ಕಣ ಸಾಣೆಯ ನೀರಿಗೆ ಸೇರುತ್ತದೆ. ದಿನಕ್ಕೆ ಹಲವು ಬಾರಿ ಮಸೆಯುವ ಬಡಗಿಯ ಕೈಯಲ್ಲಿ ಅಂಗೈಯಗಲದ ಅಲಗು ವರ್ಷ ವರ್ಷಕ್ಕೂ ಹಿಂದೆ ಸರಿಯುತ್ತದೆ. ಉಕ್ಕೆಲ್ಲ ಸವೆದು ಹಿಂದಿನ ಮೆತು ಕಬ್ಬಿಣವು ಹೊರಬಿದ್ದರೆ ಕೊಡಲಿಯ ಆಯುಸ್ಸು ಮುಗಿದಂತೆ. ಕಮ್ಮಾರನು ಹೊಸ ಉಕ್ಕನ್ನು ಹಾಕಿದರೆ ಮಾತ್ರ ಪುನರ್ಜನ್ಮ. ಆದುದರಿಂದ ಹಳೆಯ ಕೊಡಲಿಯನ್ನು ಬಳಸುತ್ತಲೇ ಇದ್ದಂತೆ ಇಡುತ್ತೇನೆಂಬವನ ಮಾತು ಸುಳ್ಳು. ಬಳಸುವವನು ಸವೆಸುವವನೇ, ಈ ಸತ್ಯವನ್ನು ಮುಚ್ಚಿಡದೆ ಮುಂದಿನ ವಿಚಾರವನ್ನು ಮಾಡಬೇಕು.

ಈ ಆಯುಧಗಳು ಕೆಲಸವನ್ನು ಬಿಟ್ಟುದು ತಮ್ಮ ದೋಷದಿಂದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕಬ್ಬಿಣದ ಹಡಗುಗಳು ಬಂದುವು. ೧೮೪೩ರಲ್ಲಿ ‘ಗ್ರೇಟ್ ಬ್ರಿಟನ್’ ಎಂಬ ಕಬ್ಬಿಣದ ಉಗಿಹಡಗು ನೀರಿಗಿಳಿಯಿತು. ೧೮೬೦ರಲ್ಲಿ ‘ವಾರಿಯರ್’ ಎಂಬ ಯುದ್ಧನೌಕೆಯೂ ಇಳಿಯಿತು. ಉಳಿದ ಮರಗೆಲಸವನ್ನು ಯಂತ್ರದ ಗರಗಸಗಳು ವಹಿಸಿಕೊಂಡುವು. ೧೮೫೬ರಲ್ಲಿ ಬೆಸೆಮರನ ವಿಧಾನವು ಪ್ರಕಟವಾದ ಮೇಲೆ ಉಕ್ಕು ಅಗ್ಗವಾಗುತ್ತ ಬಂದು, ಕಬ್ಬಿಣದ ಮೈಗೆ ಉಕ್ಕಿನ ಬಾಯಿ ಬೆಸೆಯುವ ವಿದ್ಯೆಗೂ ಬೇಡಿಕೆ ಕುಗ್ಗಿತು. ಅಮೆರಿಕದ ಕನೆಕ್ಟಿಕಟ್ ಪ್ರಾಂತದಲ್ಲಿ ೧೮೨೬ರಲ್ಲಿ ಆರಂಭವಾಗಿ ಲೋಕವಿಖ್ಯಾತವಾಗಿದ್ದ ಕಾಲಿನ್ಸ್ ಕೊಡಲಿ ಕಾರ್ಖಾನೆಯು ೧೯೬೬ರಲ್ಲಿ ಮುಚ್ಚಿಹೋಯಿತು. ಹೀಗೆ ಕಾಲದಿಂದ ನಿವೃತ್ತಿ ಪಡೆದ ಕೊಡಲಿಗಳು ರಾಶಿಯಾಗಿ ಅಟ್ಟ ಸೇರಿ, ಅಲ್ಲಿಂದ ಸಂಗ್ರಾಹಕರ ಕೈಗೆ ಬಂದುವು.

ಈಗ ಕಾಪಾಡುವವರ ಪಕ್ಷವನ್ನು ಕೇಳೋಣ. ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಯ ‘ಮೇರಿ ರೋಸ್’ ಎಂಬ ಯುದ್ಧನೌಕೆ ೧೫೪೫ರ ಜುಲೈ ೧೯ರಂದು ಪೋರ್ಟ್ಸ್‌ಮತ್ ಬಂದರಿನ ಹೊರಗೆ ಮುಳುಗಿತು. ೧೯೮೨ರ ಅಕ್ಟೋಬರ್ ೧೧ರಂದು ಅದರ ಉಳಿದ ಒಡಲನ್ನು ಮೇಲೆತ್ತಿದರು. ಹತ್ತೊಂಬತ್ತು ಸಾವಿರಕ್ಕಿಂತ ಹೆಚ್ಚು ವಸ್ತುಗಳು ದೊರೆತುವು. ಅವುಗಳಲ್ಲಿ ಹಡಗಿನ ಬಡಗಿಯ ಉಪಕರಣಗಳೂ ಇದ್ದುವು. ಕೆಸರಿನಲ್ಲಿ ಹೂತಿದ್ದ ಮರದ ಭಾಗಗಳೂ ಹಿಡಿಗಳೂ ಉಳಿದುವು. ಕಬ್ಬಿಣದ ಬಾಯಿಗಳಾದರೋ ಬಹುಮಟ್ಟಿಗೆ ಉಪ್ಪುನೀರಿನಲ್ಲಿ ಕರಗಿಹೋಗಿದ್ದುವು. ಬಡಗಿಯು ಹತ್ತು ಸಲ ಬದಲಾಯಿಸಿ ಎಸೆಯುವ ಹಿಡಿ ಉಳಿದು, ಜೋಪಾನದಿಂದ ಮಸೆದಿಡುವ ಉಕ್ಕು ಅಳಿದುದನ್ನು ನೋಡಿದರೆ, ಬಾಳುವುದು ಯಾವುದು ಬೀಳುವುದು ಯಾವುದು ಎಂದು ಮನುಷ್ಯನು ಹಾಕುವ ಲೆಕ್ಕವು ಎಷ್ಟು ಅಲ್ಪವೆಂದು ತಿಳಿಯುವುದು. ಸ್ವೀಡನ್ನಿನ ಗಾಟ್‌ಲೆಂಡ್ ದ್ವೀಪದಲ್ಲಿ ೧೯೩೬ರಲ್ಲಿ ರೈತನೊಬ್ಬನ ನೇಗಿಲಿಗೆ ಓಕ್ ಮರದ ಪೆಟ್ಟಿಗೆಯೊಂದು ಸಿಕ್ಕಿತು. ಸುಮಾರು ಸಾವಿರ ವರ್ಷಗಳ ಹಿಂದಿನ ವೈಕಿಂಗರ ಕಾಲದ ಆ ಪೆಟ್ಟಿಗೆಯೊಡನೆ ಕೊಡಲಿ, ಬಾಚಿ, ಗರಗಸ, ಬೈರಿಗೆ, ಸುತ್ತಿಗೆ ಮೊದಲಾದ ಇನ್ನೂರರಷ್ಟು ವಸ್ತುಗಳು ದೊರೆತುವು. ಇಂಥವುಗಳನ್ನು ಯಾರಾದರೂ ಸಾಣೆಗೆ ಹಿಡಿದರೆ ಸಾವಿರ ವರ್ಷಗಳ ಸುದ್ದಿಯನ್ನು ಅರ್ಧ ಗಳಿಗೆಯಲ್ಲಿ ಅಳಿಸಿದಂತಾಗುವುದು. ಕೊಡಲಿಯ ಬಾಯಲ್ಲಿ ಒಂದು ಸಣ್ಣ ಹಲ್ಲು ಮುರಿದಿದ್ದರೆ, ಅದು ಪೆಟ್ಟು ಪೆಟ್ಟಿಗೂ ಮರದ ಮೇಲೆ ಒಂದು ತೆಳುಗೆರೆಯನ್ನು ಉಬ್ಬಾಗಿ ಬಿಡುತ್ತದೆ. ಆ ಗೆರೆಯ ಗುರುತಿನಿಂದ ಎರಡು ಹಲಗೆಗಳನ್ನು ಕೆತ್ತಿದ್ದು ಒಂದೇ ಕೊಡಲಿಯೆಂದು ಪರೀಕ್ಷಕರು ಹೇಳಬಲ್ಲರು. ಮುಕ್ಕೂ ಒಂದು ಅಕ್ಷರವೇ. ಮಸೆಯುವವನು ಅಕ್ಷರವನ್ನು ಅಳಿಸುತ್ತಾನೆ. ಈ ಪಕ್ಷವು ಪ್ರಬಲವಾದುದೆಂದು ಒಪ್ಪಲೇಬೇಕು.

ಬಳಸುವವರ ಪಕ್ಷವೂ ದುರ್ಬಲವಾದುದಲ್ಲ. ಡೆನ್ಮಾರ್ಕಿನ ರಾಸ್ಕಿಲ್ಡ ಎಂಬ ಊರಿನ ಸಮುದ್ರದ ಚಾಚಿನಲ್ಲಿ, ಶತ್ರುಗಳ ದಾರಿಯನ್ನು ಮುಚ್ಚುವುದಕ್ಕಾಗಿ ಹನ್ನೊಂದನೆಯ ಶತಮಾನದಲ್ಲಿ ಮುಳುಗಿಸಿದ್ದ ಐದು ಹಡಗುಗಳನ್ನು ೧೯೬೨ರಲ್ಲಿ ಅಗೆದು ತೆಗೆದರು. ಅವುಗಳಲ್ಲೊಂದು ಸುಮಾರು ಮೂವತ್ತು ಮೀಟರ್ ಉದ್ದದ ಯುದ್ಧನೌಕೆ. ಅದರ ಮರದ ವರ್ಷವಲಯಗಳನ್ನು ಎಣಿಸಿ, ಅದನ್ನು ಐರ್ಲೆಂಡಿನ ಡಬ್ಲಿನ್ ಪ್ರದೇಶದಲ್ಲಿ ೧೦೪೨ರಲ್ಲಿ ಕಟ್ಟಿದರೆಂದು ಕಂಡುಕೊಂಡಿದ್ದಾರೆ. ಅಲ್ಲಿನ ವೈಕಿಂಗ್ ಹಡಗುಗಳ ಸಂಗ್ರಹಾಲಯದವರು ೨೦೦೦ದಿಂದ ೨೦೦೪ರ ವರೆಗೆ ಅದೇ ಅಳತೆಯ ಮತ್ತೊಂದು ಹಡಗನ್ನು ಕಟ್ಟಿದರು. ಹಳೆಯ ಹಲಗೆಗಳಲ್ಲಿ ಗರಗಸದ ಗುರುತಿರಲಿಲ್ಲ, ಕೊಡಲಿಯ ಗುರುತಿತ್ತು. ಆದುದರಿಂದ ಇವರೂ ಓಕ್ ದಿಮ್ಮಿಗಳನ್ನು ಬೆಣೆ ಹೊಡೆದು, ನಡುವಿನಿಂದ ಅಂಚಿನ ಕಡೆಗೆ ಹೋಳುಹೋಳಾಗಿ ಸೀಳಿ, ಒಂದೊಂದು ಹೋಳನ್ನೂ ಕೊಡಲಿಯಿಂದ ಕೆತ್ತಿ ಹಲಗೆ ಮಾಡಿದರು. ಗರಗಸವು ಮರದ ನಾರನ್ನು ಕೇಳದೆ ಅಡ್ಡ ಕತ್ತರಿಸಿಕೊಂಡು ಹೋಗುತ್ತದೆ. ಸೀಳು ನಾರಿನ ಜಾಡನ್ನು ಹಿಡಿದೇ ಹೋಗುತ್ತದೆ. ಅದರಿಂದ ಹಲಗೆಯು ತೆಳ್ಳಗಿದ್ದರೂ ಗಟ್ಟಿ. ಹಡಗು ಹಗುರವಾಗಿಯೂ ಬಾಗಿಕೊಳ್ಳುವುದಾಗಿಯೂ ಆಗುತ್ತದೆ. ಆ ಹಡಗು ೨೦೦೭ರಲ್ಲಿ ಅರುವತ್ತಕ್ಕೂ ಹೆಚ್ಚು ಜನರೊಡನೆ ಉತ್ತರ ಸಮುದ್ರವನ್ನು ದಾಟಿ ಡಬ್ಲಿನ್ನನ್ನು ಮುಟ್ಟಿತು, ೨೦೦೮ರಲ್ಲಿ ಹಿಂದಿರುಗಿತು. ಹನ್ನೊಂದನೆಯ ಶತಮಾನದ ನಾರ್ಮನ್ನರ ಬೇಯೂ ಕಸೂತಿಪಟದಲ್ಲಿ ಹಡಗು ಕಟ್ಟುವವರ ಚಿತ್ರವುಂಟು. ಒಬ್ಬನು ಅಗಲಗೊಡಲಿಯಿಂದ ಹಲಗೆಯನ್ನು ಕೆತ್ತುತ್ತಿರುವನು. ಚಿತ್ರವನ್ನು ನೋಡಿದವರು ಲಕ್ಷಾಂತರ ಮಂದಿ. ಆ ಕೈಯು ಯಾವ ಓರೆಯಲ್ಲಿ ಬಿದ್ದರೆ ಚಕ್ಕೆ ಏಳುವುದೆಂದು ಅರಿತವರು ಕೊಡಲಿಯನ್ನು ಎತ್ತಿದ ಕೆಲವರು ಮಾತ್ರ. ಕೈಯ ಹದವನ್ನು ಇಡುವುದಕ್ಕೆ ಮತ್ತೊಂದು ಕೈಯಲ್ಲದೆ ಬೇರೆ ಪೆಟ್ಟಿಗೆಯಿಲ್ಲ.

ಇಲ್ಲಿ ಒಂದು ಸೂಕ್ಷ್ಮವುಂಟು. ರಾಸ್ಕಿಲ್ಡದ ಬಡಗಿಗಳು ಬೀಸಿದುದು ವೈಕಿಂಗರ ಹಳೆಯ ಕೊಡಲಿಗಳನ್ನಲ್ಲ. ಅವುಗಳನ್ನು ನೋಡಿ ಹೊಸದಾಗಿ ಮಾಡಿಸಿದವುಗಳನ್ನು. ಹಳೆಯದು ಪೆಟ್ಟಿಗೆಯಲ್ಲಿದ್ದು ಹೊಸದಕ್ಕೆ ರೂಪವನ್ನು ಕಲಿಸಿತು. ಹೊಸದು ಮರದ ಮೇಲೆ ಬಿದ್ದು ಹಳೆಯದರ ಅರ್ಥವನ್ನು ಬಿಡಿಸಿತು. ಒಂದಿಲ್ಲದಿದ್ದರೆ ಮತ್ತೊಂದು ಮೂಕ. ಎರಡು ಪಕ್ಷಗಳ ವಿವಾದಕ್ಕೆ ಪರಿಹಾರವು ಇದರೊಳಗೇ ಇದೆಯೆಂದು ನಮ್ಮ ಮತ. ವಸ್ತುಗಳಲ್ಲಿ ಎರಡು ಜಾತಿ: ಕೆಲವು ಸಾಕ್ಷಿಗಳು, ಕೆಲವು ಸೇವಕರು. ಸಾಕ್ಷಿಯನ್ನು ದುಡಿಸಬಾರದು, ಸೇವಕನನ್ನು ಸೆರೆಯಲ್ಲಿಡಬಾರದು. ಸಾಕ್ಷಿಯನ್ನು ದುಡಿಸಿದರೆ ಅವನ ಮಾತು ಕೆಡುತ್ತದೆ. ಸೇವಕನನ್ನು ಸೆರೆಯಲ್ಲಿಟ್ಟರೆ ಅವನ ಜೀವ ಕೆಡುತ್ತದೆ.

ಯಾವುದು ಸಾಕ್ಷಿ, ಯಾವುದು ಸೇವಕ ಎಂದು ನಿರ್ಣಯಿಸುವುದಕ್ಕೆ ಮೂರು ಪ್ರಶ್ನೆಗಳು ಸಾಕು. ಇಂಥದು ಇನ್ನೊಂದು ಉಂಟೋ ಇಲ್ಲವೋ? ಇದು ಸಿಕ್ಕಿದ ಸ್ಥಳವೂ ಇದರ ಮೈಮೇಲಿನ ಗುರುತುಗಳೂ ಬೇರೆಲ್ಲಿಯೂ ತಿಳಿಯದ ಸಂಗತಿಯನ್ನು ಹೇಳುತ್ತವೆಯೋ ಇಲ್ಲವೋ? ಇದರ ಬಾಯಲ್ಲಿ ಇನ್ನೂ ಉಕ್ಕು ಉಳಿದಿದೆಯೋ ಇಲ್ಲವೋ? ಮೇರಿ ರೋಸಿನ ಉಪಕರಣವು ಮೊದಲಿನ ಎರಡು ಪ್ರಶ್ನೆಗಳಲ್ಲಿಯೇ ಸಾಕ್ಷಿಯೆಂದು ನಿಶ್ಚಿತವಾಗುವುದು. ಕಾರ್ಖಾನೆಯ ಮುದ್ರೆಯುಳ್ಳ, ಸಾವಿರಗಟ್ಟಲೆಯಾಗಿ ಹೊರಟ, ಯಾರದೋ ಅಟ್ಟದಿಂದ ಇಳಿದ, ಬಾಯಲ್ಲಿ ಎರಡು ಅಂಗುಲ ಉಕ್ಕುಳ್ಳ ಹತ್ತೊಂಬತ್ತನೆಯ ಶತಮಾನದ ಕೊಡಲಿಯು ಸೇವಕ. ಅದಕ್ಕೆ ಕೆಲಸವನ್ನು ಕೊಡದಿರುವುದು ಅನ್ಯಾಯ. ಕೊಡುವಾಗಲೂ ಮರ್ಯಾದೆಯುಂಟು. ಯಂತ್ರದ ಸಾಣೆಗೆ ಒತ್ತಿ ಹಿಡಿದರೆ ಬಾಯಿ ಕಾದು ನೀಲಿಯಾಗಿ, ಕಮ್ಮಾರನು ಕೊಟ್ಟ ಹದವು ಕ್ಷಣದಲ್ಲಿ ಇಳಿದುಹೋಗುವುದು. ಹಿಂಬದಿಯಿಂದ ಬೆಣೆ ಹೊಡೆದರೆ ಕಾವಿನ ತೆರಪು ಸೊಟ್ಟಗಾಗುವುದು. ಮುದ್ರೆಯನ್ನೂ ಹಳೆಯ ಒಡೆಯನ ಹೆಸರಿನ ಅಕ್ಷರಗಳನ್ನೂ ಉಜ್ಜಿ ತೆಗೆಯುವುದು ಕೃತಘ್ನತೆ. ನೀರು ಹಾಕಿದ ಕಲ್ಲಿನ ಮೇಲೆ ತಾಳ್ಮೆಯಿಂದ ಮಸೆಯುವವನಿಗೇ ಹಳೆಯ ಆಯುಧದ ಮೇಲೆ ಅಧಿಕಾರ.

ಇಷ್ಟಕ್ಕೆ ಒಂದು ಆಕ್ಷೇಪವು ಬರಬಹುದು. ಕಾವನ್ನು ಬದಲಾಯಿಸಿ, ಬಾಯಿಗೆ ಹೊಸ ಉಕ್ಕನ್ನು ಹಾಕಿಸಿದ ಮೇಲೆ ಅದು ಅದೇ ಕೊಡಲಿಯೆ? ಅಥೆನ್ಸಿನವರು ಥೀಸಿಯಸ್ ವೀರನ ಹಡಗನ್ನು, ಕೊಳೆತ ಹಲಗೆಯನ್ನು ತೆಗೆದು ಹೊಸ ಹಲಗೆಯನ್ನು ಹಾಕುತ್ತ ಬಹುಕಾಲ ಕಾಪಾಡಿದರೆಂದೂ, ಅದು ಅದೇ ಹಡಗೆ ಎಂದು ತತ್ತ್ವಜ್ಞರು ವಾದಿಸುತ್ತಿದ್ದರೆಂದೂ ಪ್ಲುಟಾರ್ಕನು ಬರೆದಿದ್ದಾನೆ. ನಮ್ಮ ನೈಯಾಯಿಕರು ಇಲ್ಲಿ ಮುಲಾಜಿಲ್ಲದವರು. ಅವಯವವು ನಾಶವಾದರೆ ಹಿಂದಿನ ಅವಯವಿಯೂ ನಾಶವಾಗಿ ಬೇರೊಂದು ಹುಟ್ಟುವುದೆಂದೂ, ಅದೇ ಇದು ಎಂಬ ಪ್ರತ್ಯಭಿಜ್ಞೆಯು ದೀಪದ ಜ್ವಾಲೆಯಲ್ಲಿ ಆಗುವಂತೆ ಸಾಜಾತ್ಯದಿಂದ ಆಗುವುದೆಂದೂ ಅವರು ಹೇಳಿಬಿಡುವರು. ಆ ಮತವನ್ನು ಒಪ್ಪಿದರೂ ನಮಗೆ ನಷ್ಟವಿಲ್ಲ. ಜ್ವಾಲೆಯು ಬೇರೆ ಬೇರೆಯಾದರೂ ದೀಪವನ್ನು ಆರದಂತೆ ನೋಡಿಕೊಂಡವರ ಶ್ರಮವು ಒಂದೇ ಎಳೆಯಾಗಿ ಬಂದಿರುತ್ತದಷ್ಟೆ. ಅಮೆರಿಕದಲ್ಲಿ ೧೮೪೧ರಲ್ಲಿ ಕಟ್ಟಿದ ‘ಚಾರ್ಲ್ಸ್ ಡಬ್ಲ್ಯು. ಮಾರ್ಗನ್’ ಎಂಬ ತಿಮಿಂಗಿಲಬೇಟೆಯ ಹಡಗನ್ನು ಮಿಸ್ಟಿಕ್ ಎಂಬ ಊರಿನ ಸಂಗ್ರಹಾಲಯದವರು ೧೯೪೧ರಿಂದ ಕಾಪಾಡಿಕೊಂಡು ಬಂದಿದ್ದಾರೆ. ೨೦೦೮ರಿಂದ ೨೦೧೩ರ ವರೆಗೆ ಅದರ ಜೀರ್ಣವಾದ ಮರಗಳನ್ನು ತೆಗೆದು ಹೊಸವನ್ನು ಕೂಡಿಸಿದರು. ೨೦೧೪ರಲ್ಲಿ ಅದು ಮತ್ತೆ ಹಾಯಿ ಬಿಚ್ಚಿ ಸಮುದ್ರಕ್ಕೆ ಹೋಗಿಬಂದಿತು. ಅದರ ಹಲಗೆಗಳಲ್ಲಿ ಹಳೆಯವೆಷ್ಟು ಹೊಸವೆಷ್ಟು ಎಂಬ ಲೆಕ್ಕವನ್ನು ಲೆಕ್ಕಿಗರು ಮಾಡಲಿ. ಇಂದಿನ ತರುಣರು ಮರದ ಹಡಗಿನ ಪಕ್ಕೆಯನ್ನು ಕೂಡಿಸಬಲ್ಲವರಾದರು. ಸಂಗ್ರಹದಿಂದ ಆದ ಲಾಭಗಳಲ್ಲಿ ಇದೇ ದೊಡ್ಡದು.

ಇನ್ನೊಂದು ಆಕ್ಷೇಪವು ಇದಕ್ಕಿಂತ ಗಂಭೀರವಾದುದು. ಕುಲಕ್ಕೆ ಮೃತ್ಯು ಕೊಡಲಿಯ ಕಾವು ಎಂಬುದು ನಮ್ಮಲ್ಲಿ ಮಕ್ಕಳೂ ಬಲ್ಲ ಗಾದೆ. ಮರವೇ ಕಾವಾಗಿ ಮರಗಳನ್ನು ಕೆಡವುತ್ತದೆ. ಕಾಡುಗಳು ಕರಗುತ್ತಿರುವ ಈ ಕಾಲದಲ್ಲಿ ಕೊಡಲಿಯ ಗುಣಗಾನವೇಕೆ, ಅದು ಪೆಟ್ಟಿಗೆಯಲ್ಲಿರುವುದೇ ಲೋಕಕ್ಕೆ ಕ್ಷೇಮವಲ್ಲವೆ ಎಂದು ಕೇಳುವವರುಂಟು. ಕೈಗೊಡಲಿಯ ಕಾಲವು ಸಾಧುವಾದ ಕಾಲವಾಗಿತ್ತೆಂದು ನಾವು ಹೇಳಲಾರೆವು. ಯಂತ್ರಗಳು ಹುಟ್ಟುವುದಕ್ಕೆ ಬಹಳ ಮುಂಚೆಯೇ, ೧೬೯೧ರಲ್ಲಿ, ಇಂಗ್ಲೆಂಡಿನ ಸರ್ಕಾರವು ಮ್ಯಾಸಚೂಸೆಟ್ಸ್ ಸೀಮೆಯಲ್ಲಿ ಇಪ್ಪತ್ತನಾಲ್ಕು ಅಂಗುಲಕ್ಕೆ ಮೇಲ್ಪಟ್ಟ ದಪ್ಪದ ಮರಗಳನ್ನು ತನ್ನ ನೌಕೆಗಳ ಕೂವೆಮರಕ್ಕಾಗಿ ಕಾದಿರಿಸಿಕೊಂಡಿತು. ಅಂಥ ಮರಗಳ ಕೊರತೆ ಆಗಲೇ ಕಾಣಿಸಿ ಭಯ ಹುಟ್ಟಿಸಿತ್ತು. ಆ ಕೊಡಲಿಗಳು ಕಟ್ಟಿದ ಹಡಗುಗಳಲ್ಲಿ ಧಾನ್ಯವೂ ಹೋಯಿತು, ಫಿರಂಗಿಯೂ ಹೋಯಿತು, ಸಂಕೋಲೆ ತೊಟ್ಟ ಮನುಷ್ಯರೂ ಹೋದರು. ಆದರೆ ಪಾಣಿನಿಯು ಕಾರಕಗಳನ್ನು ವಿಂಗಡಿಸುವಾಗ ಕ್ರಿಯೆಯಲ್ಲಿ ಸ್ವತಂತ್ರನಾದವನನ್ನು ಕರ್ತೃವೆಂದೂ, ಕ್ರಿಯಾಸಿದ್ಧಿಗೆ ಎಲ್ಲಕ್ಕಿಂತ ಹೆಚ್ಚು ಒದಗುವುದನ್ನು ಕರಣವೆಂದೂ ಬೇರೆ ಬೇರೆಯಾಗಿಯೇ ಹೇಳಿದ್ದಾನೆ. ಸ್ವಾತಂತ್ರ್ಯವಿದ್ದಲ್ಲಿ ಹೊಣೆಯುಂಟು. ಕೊಡಲಿಯನ್ನು ಪೆಟ್ಟಿಗೆಯಲ್ಲಿಟ್ಟ ಮಾತ್ರಕ್ಕೆ ಕರ್ತೃವಿನ ಪಾಪವು ತೊಳೆದುಹೋಗದು. ಅಷ್ಟೇ ಅಲ್ಲ, ಒಂದು ಮರವನ್ನು ತನ್ನ ಭುಜದ ನೋವಿನಿಂದ ಕೆಡವಿ, ಅದರ ನಾರಿನ ಓಟವನ್ನು ಕಣ್ಣಾರೆ ನೋಡಿ, ಹಲಗೆ ಹಲಗೆಯಾಗಿ ಬಿಡಿಸಿದವನಿಗೆ ಮರದ ಬೆಲೆ ತಿಳಿದಿರುವಷ್ಟು ಗುಂಡಿಯೊತ್ತಿ ಕೆಡವುವವನಿಗೆ ತಿಳಿದಿರುವ ಸಂಭವ ಕಡಮೆ. ಬೆಲೆಯನ್ನು ತಿಳಿದವರೆಲ್ಲರೂ ಮಿತವಾಗಿ ಕಡಿಯುವರೆಂದಲ್ಲ. ತಿಳಿಯದೆ ಮಿತವು ಬರುವುದಿಲ್ಲವೆಂದು ಮಾತ್ರ.

ಮತ್ತೆ ಶಾಸ್ತ್ರದ ಮಾತಿಗೆ ಬರೋಣ. ಗಡಿಗೆಗೆ ದಂಡವು ಕಾರಣವೆಂಬಲ್ಲಿ ತಾರ್ಕಿಕರು ಒಂದು ಭೇದವನ್ನು ಮಾಡುತ್ತಾರೆ. ಕುಂಬಾರನ ಚಕ್ರವನ್ನು ತಿರುಗಿಸುತ್ತಿರುವ ಕೋಲು ಫಲವನ್ನು ಕೊಡುತ್ತಿರುವುದು. ಕಾಡಿನಲ್ಲಿ ಬಿದ್ದಿರುವ ಕೋಲಿಗೆ ಸ್ವರೂಪಯೋಗ್ಯತೆ ಮಾತ್ರ. ಅದೂ ಗಡಿಗೆಯನ್ನು ಮಾಡಿಸಬಲ್ಲದು, ಆದರೆ ಮಾಡಿಸುತ್ತಿಲ್ಲ. ಗಾಜಿನ ಪೆಟ್ಟಿಗೆಯ ಕೊಡಲಿಯು ಈ ಅರಣ್ಯದ ಕೋಲಿನಂತೆ. ಯೋಗ್ಯತೆಯುಂಟು, ವ್ಯಾಪಾರವಿಲ್ಲ. ಆದರೆ ಕೋಲನ್ನು ಹಿಡಿಯಬಲ್ಲ ಕುಂಬಾರನಿರುವ ವರೆಗೆ ಮಾತ್ರ ಅದರ ಯೋಗ್ಯತೆಯೂ ಅರ್ಥವುಳ್ಳದ್ದು. ಬಡಗಿಯ ಕೈಯೇ ಲೋಕದಿಂದ ಅಳಿದ ಮೇಲೆ ಪೆಟ್ಟಿಗೆಯಲ್ಲಿರುವುದು ಕೊಡಲಿಯಲ್ಲ, ಕೊಡಲಿಯಾಕಾರದ ಕಬ್ಬಿಣ.

ನಮ್ಮ ಹಿರಿಯರು ಈ ತತ್ತ್ವವನ್ನು ವಾದದಿಂದಲ್ಲ, ಆಚಾರದಿಂದ ಕಲಿಸಿದರು. ಮಹಾನವಮಿಯ ದಿನ ಬಡಗಿಯು ಬಾಚಿ ಉಳಿಗಳನ್ನು ತೊಳೆದು, ಕುಂಕುಮವಿಟ್ಟು, ಹೂ ಮುಡಿಸಿ, ಕೈಮುಗಿಯುತ್ತಾನೆ. ಅಂದು ಅವನ್ನು ಕೆಲಸಕ್ಕೆ ಮುಟ್ಟುವುದಿಲ್ಲ. ಮರುದಿನವೇ ವಿಜಯದಶಮಿ, ಪೂಜೆಗೊಂಡ ಆಯುಧವನ್ನು ಎತ್ತಿಕೊಂಡು ಕೆಲಸವನ್ನು ಆರಂಭಿಸುತ್ತಾನೆ. ಒಂದು ದಿನದ ವಿಶ್ರಾಂತಿಯಿಂದ ಆಯುಧವು ಕೇವಲ ಕಬ್ಬಿಣವಲ್ಲವೆಂಬ ಅರಿವು. ಮರುದಿನದ ಕೆಲಸದಿಂದ ಅದು ಕೇವಲ ವಿಗ್ರಹವಲ್ಲವೆಂಬ ಅರಿವು. ಪೂಜೆಯಿಲ್ಲದ ಬಳಕೆಯು ಒರಟು. ಬಳಕೆಯಿಲ್ಲದ ಪೂಜೆಯು ಬಂಜೆ. ಸೇವಕವರ್ಗದ ಕೊಡಲಿಗಳನ್ನು ಗೋಡೆಗೆ ಮೊಳೆ ಹೊಡೆದು ತೂಗುಹಾಕುವ ಸಂಗ್ರಾಹಕನು ವಿಜಯದಶಮಿಯಿಲ್ಲದ ಮಹಾನವಮಿಯನ್ನು ಆಚರಿಸುತ್ತಿರುವನೆಂದು ಹೇಳಬೇಕು.

ಈ ವಿಚಾರವು ಕೊಡಲಿಗೇ ನಿಲ್ಲುವಂಥದಲ್ಲ. ನಮ್ಮ ಒಂದೊಂದು ಮನೆಯಲ್ಲಿಯೂ ಹಿರಿಯರು ಬಿಟ್ಟುಹೋದ ವಸ್ತುಗಳುಂಟು: ತಾಳೆಯೋಲೆಯ ಕಟ್ಟು, ವೀಣೆ, ಒರಳು, ತಾತಂದಿರು ಟಿಪ್ಪಣಿ ಬರೆದ ಪುಸ್ತಕ. ನಾವು ಬಹುತೇಕ ತಿರುವುಮುರುವಾಗಿ ನಡೆಯುತ್ತಿದ್ದೇವೆ. ಒಂದೇ ಪ್ರತಿಯಾದ ಓಲೆಯ ಕಟ್ಟನ್ನು ಹುಳುವಿಗೆ ಬಿಟ್ಟು, ನುಡಿಸಲು ಯೋಗ್ಯವಾದ ವೀಣೆಗೆ ಗವುಸು ಹಾಕಿ ಗೋಡೆಗೆ ಒರಗಿಸುತ್ತೇವೆ. ಸಾಕ್ಷಿಯನ್ನು ಸಾಯಗೊಟ್ಟು ಸೇವಕನನ್ನು ಸಿಂಗರಿಸುತ್ತೇವೆ. ವೀಣೆಯ ಮೆಟ್ಟಿಲು ಸವೆಯುವುದೆಂಬ ಭಯ ನಮಗೆ. ಮಗಳ ಬೆರಳಿನಲ್ಲಿ ಅಜ್ಜಿಯ ಗಮಕವು ಸವೆದುಹೋಗಿ ವರ್ಷಗಳಾದುವೆಂಬುದು ನಮ್ಮ ಗಣನೆಗೆ ಬರುವುದಿಲ್ಲ. ಪುಸ್ತಕದಲ್ಲೇ ಉಳಿದ ವಿದ್ಯೆಯು ಸಮಯಕ್ಕೆ ಒದಗದೆಂದು ಹಿರಿಯರು ಹೇಳುತ್ತಿದ್ದುದು ಕಬ್ಬಿಣಕ್ಕೂ ತಂತಿಗೂ ಸಮವಾಗಿ ಅನ್ವಯಿಸುವುದು.

ಆದುದರಿಂದ ವಾಚಕ ಮಹಾಶಯರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಮುಂದಿನ ಮಹಾನವಮಿಗೆ ಅಟ್ಟದ ಪೆಟ್ಟಿಗೆಯನ್ನು ಇಳಿಸಿದಾಗ, ಒಂದೊಂದು ವಸ್ತುವನ್ನೂ ಕೈಗೆ ತೆಗೆದುಕೊಂಡು ಆ ಮೂರು ಪ್ರಶ್ನೆಗಳನ್ನು ಕೇಳಿರಿ. ಸಾಕ್ಷಿಯೆಂದು ತೋರಿದುದನ್ನು ಒಣಬಟ್ಟೆಯಲ್ಲಿ ಸುತ್ತಿ, ಅದು ಯಾರದು, ಎಲ್ಲಿಂದ ಬಂದಿತು ಎಂದು ಚೀಟಿಯನ್ನು ಬರೆದು ಒಳಗಿಡಿರಿ. ಸೇವಕನೆಂದು ತೋರಿದುದನ್ನು ಮರಳಿ ಅಟ್ಟಕ್ಕೆ ಏರಿಸಬೇಡಿರಿ; ಮನೆಯ ಹುಡುಗರಲ್ಲಿ ಯಾರ ಕೈ ಅದಕ್ಕೆ ಒಗ್ಗೀತೆಂದು ನೋಡಿ, ಹಿಡಿಯುವ ಬಗೆಯನ್ನು ಬಲ್ಲ ಹಿರಿಯರೊಬ್ಬರು ಇರುವಾಗಲೇ ಅವರೆದುರಿಗೆ ಕೊಡಿರಿ. ಸವೆದರೆ ಸವೆಯಲಿ, ಕೆಲಸದಲ್ಲಿ ಸವೆಯುವುದು ಅದರ ಧರ್ಮ.